ತುಳಿಯದೆ ಉರುಳಿದ ಹಾಲಿನ ಸೈಕಲ್

ಆ ದಿನಗಳಲ್ಲಿ ನಮ್ಮ ಊರು ಮಾವನಲ್ಲಕ್ಕೆ ಸಂಜೆಯನ್ನು ತರುತ್ತಿದ್ದದ್ದು ಗಡಿಯಾರವಲ್ಲ, ಆನೆ. ನೀಲಗಿರಿಯ ನೆತ್ತಿಯ ಮೇಲೆ ಬಿಸಿಲು ಇನ್ನೂ ಉಳಿದಿರುವಾಗಲೇ ಯಾರೋ ದೂರದಿಂದ "ಇಳೀತಾ ಅವೆ ಕನ್ರೋ" ಅಂತ ಕೂಗುತ್ತಿದ್ದರು. ಅಷ್ಟು ಸಾಕು. ಗೋಲಿಗಳು ಆಟದ ನಡುವೆಯೇ ಜೇಬಿಗೆ ಬೀಳುತ್ತಿದ್ದವು, ಒಣಹಾಕಿದ ಬಟ್ಟೆ ಒಳಗೆ ಬರುತ್ತಿತ್ತು, ಊರಿಗೆ ಊರೇ ಹುರುಳಿ ಬೇಯುವ ವಾಸನೆಯ ಜೊತೆ ಬಾಗಿಲು ಹಾಕಿಕೊಳ್ಳುತ್ತಿತ್ತು. ನಿಮ್ಮೂರಲ್ಲಿ ಆಟ ನಿಲ್ಲಿಸುತ್ತಿದ್ದದ್ದು ಬೀದಿದೀಪವೋ ಅಮ್ಮನ ಕೂಗೋ ಇರಬಹುದು. ನಮ್ಮಲ್ಲಿ ಆ ಕೆಲಸ ಆನೆಯದು. ಅದು ಒಂದು ದಿನವಾದರೂ ರಜೆ ಹಾಕಿದ್ದು ನನಗೆ ನೆನಪಿಲ್ಲ.

ನೆನಪಿನ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಿಬಿಡುತ್ತೇನೆ. ನನ್ನ ನೆನಪಿನ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದಾಗ ಅಂಟಿಕೊಂಡ ಚಟ ಇದು: ಯಾರು ಏನು ಹೇಳಿದರೂ "ಹೇಗೆ ಗೊತ್ತು?" ಅನ್ನುವುದು. ನೆಂಟರಿಷ್ಟರು ಈ ಕಾರಣಕ್ಕೇ ನನ್ನ ಮುಂದೆ ಹಳೆಯ ಕತೆ ತೆಗೆಯುವುದನ್ನು ಬಿಟ್ಟಿದ್ದಾರೆ. ಹಾಗಾಗಿ ಈಗ ನನ್ನ ಬಾಲ್ಯವನ್ನೇ ಕೂರಿಸಿಕೊಂಡು ಕೇಳುತ್ತೇನೆ. ಈ ಸೈಕಲ್ ಪ್ರಕರಣದಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಅಕ್ಕ ಹೇಳಿ ಹೇಳಿ ನಾನು ಕಂಡಂತಾದದ್ದು ಅಂತ ಬೇರ್ಪಡಿಸಲು ಆಗಿಲ್ಲ. ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಹೊತ್ತು ಅನ್ನುವುದು ಮಾತ್ರ ಖಚಿತ. ಯಾಕೆಂದರೆ ರತ್ನಕ್ಕ ಆಗ ಹತ್ತನೇ ಕ್ಲಾಸಿಗೆ ಬಂದಿದ್ದಳು.

ಹತ್ತನೇ ಕ್ಲಾಸೇ ಗಲಾಟೆಯ ಮೂಲ. ಅಕ್ಕನ ಶಾಲೆ ಮಸಿನಗುಡಿಯಲ್ಲಿ. ಹತ್ತನೆಯವರಿಗೆ ಶಾಲೆ ಬಿಟ್ಟ ಮೇಲೆ ಗಣಿತ, ವಿಜ್ಞಾನದ ಸ್ಪೆಷಲ್ ಕ್ಲಾಸು. ನಮ್ಮ ಕಡೆ ಬರುವ ಒಂದು ಬಸ್ಸು ಆ ಕ್ಲಾಸು ಶುರುವಾಗುವ ಮೊದಲೇ ಹೊರಟುಬಿಡುತ್ತಿತ್ತು, ಇನ್ನೊಂದು ಕತ್ತಲಾದ ಮೇಲೆ ಅದಕ್ಕೆ ಮನಸ್ಸು ಬಂದರೆ ಬರುತ್ತಿತ್ತು. ನಡೆದು ಬರೋಣವೆಂದರೆ ಅದೇ ಹೊತ್ತಿಗೆ ಆನೆಗಳು ರಸ್ತೆ ದಾಟುತ್ತವೆ. ಮನೆಯಲ್ಲಿ ದೊಡ್ಡವರು ಕೂತು ಒಂದು ಪರಿಹಾರ ಕಂಡುಹಿಡಿದರು. ಅಕ್ಕ ಗುಂಡ್ಲುಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದು ಓದಲಿ.

ಪರಿಹಾರದಲ್ಲಿ ಎರಡು ತೂತುಗಳಿದ್ದವು. ಒಂದು, ಅಲ್ಲಿ ಕನ್ನಡ ಮಾಧ್ಯಮ. ನಾವು ಮನೆಯಲ್ಲಿ ಗುಂಡ್ಲುಪೇಟೆ ಕಡೆಯ ಕನ್ನಡ ಆಡುತ್ತಿದ್ದರೂ ಊರು ತಮಿಳುನಾಡಿಗೆ ಸೇರಿದ್ದರಿಂದ ಪಾಠವೆಲ್ಲ ತಮಿಳಿನಲ್ಲಿ ಕಲಿತವರು. ಅಕ್ಕನ ತಲೆಯೊಳಗೆ ಘರ್ಷಣೆಯ ಹೆಸರು "ಉರಾಯ್ವು". ಇನ್ನೊಂದು, ಚಿಕ್ಕಮ್ಮನ ಮನೆಯ ತೊಟ್ಟಿಲು ಖಾಲಿ ಇದ್ದದ್ದನ್ನು ನಾವ್ಯಾರೂ ನೋಡಿರಲಿಲ್ಲ. ಅಲ್ಲಿಗೆ ಹೋದವಳ ಒಂದು ಕೈಯಲ್ಲಿ ಮಗು ಇರುತ್ತದೆ, ಇನ್ನೊಂದರಲ್ಲಿ ಸೌಟು. ಪುಸ್ತಕಕ್ಕೆ ಮೂರನೇ ಕೈ ಬೇಕು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಕ್ಕ ತನ್ನದೇ ಪರಿಹಾರ ಹೇಳಿದಳು: ತಾತನ ಸೈಕಲ್ಲು.

ಅದು ಹಾಲಿನ ಸೈಕಲ್ಲು. ತಾತ ಗುಂಡ್ಲುಪೇಟೆ ಕಡೆಯಿಂದ ದನ ಹೊಡೆದುಕೊಂಡು ಬಂದು ಇಲ್ಲಿ ನೆಲೆನಿಂತವನು. ದಿನಾ ಬೆಳಿಗ್ಗೆ ಕ್ಯಾನು ಕಟ್ಟಿಕೊಂಡು ಮಸಿನಗುಡಿಯ ಸೊಸೈಟಿಗೆ ಹಾಲು ಹಾಕಿ ಬರುತ್ತಿದ್ದ. ಕಪ್ಪು ಬಣ್ಣ, ದಪ್ಪ ಕ್ಯಾರಿಯರು, ಭಾರ ಹೊರುವ ಒರಟು ಟೈರು. ಬೆಳಿಗ್ಗೆ ಒಂದು ಸಲ ಬಿಟ್ಟರೆ ಆಮೇಲೆ ದಿನವೆಲ್ಲ ಕೊಟ್ಟಿಗೆಗೆ ಒರಗಿ ನಿಂತಿರುತ್ತಿತ್ತು.

"ತಾತ, ಸೈಕಲ್ ಕೊಡು. ಕ್ಲಾಸ್ ಮುಗಿಸ್ಕಂಡು ಆನೆಗಿಂತ ಮುಂಚೆ ಮನೇಲಿರ್ತೀನಿ," ಅಂದಳು.

ತಾತ ಎಲೆಗೆ ಸುಣ್ಣ ಸವರುತ್ತಿದ್ದ. "ಅದು ಸೈಕಲ್ಲಲ್ಲ ಕನವ್ವ, ಎತ್ತು. ನಿನ್ ಕೈಲಿ ನಡೆಯಕಿಲ್ಲ. ಏರಲ್ಲಿ ನಿಂತೋಯ್ತದೆ. ನೀ ಇಳ್ದು ತಳ್ತಾ ಇರು, ಹಿಂದ್ಗಡೆಯಿಂದ ಆನೆ ಬಂದು ಒಸಿ ಕೈ ಹಾಕ್ತದೆ."

"ಭಾರ ಸೈಕಲ್ದಲ್ಲ ತಾತ, ಟೈರ್ದು. ನೀನು ಗಾಳಿನೇ ತುಂಬಲ್ಲ. ಮೆತ್ತಗಿರೋ ಟೈರು ರೋಡಿಗೆ ಅಂಟ್ಕತದೆ."

ಇದು ನಿಜ. ಹಾಲು ಸಾಗಿಸುವವರು ಟೈರನ್ನು ಮೆತ್ತಗೆ ಇಟ್ಟುಕೊಳ್ಳುತ್ತಿದ್ದರು. ಗಾಳಿ ಗಟ್ಟಿಯಿದ್ದರೆ ಆ ರಸ್ತೆಯ ಗುಂಡಿಗಳಲ್ಲಿ ಹಾಲು ಕುಲುಕಿ, ಸೊಸೈಟಿ ತಲುಪುವಷ್ಟರಲ್ಲಿ ಕ್ಯಾನಿನ ಬಾಯಿಗೆ ಬೆಣ್ಣೆ ಕಟ್ಟುತ್ತದೆ ಅನ್ನುವುದು ತಾತನ ನಂಬಿಕೆ. ಹೇಗೆ ಗೊತ್ತು ಅಂತ ಕೇಳಲು ನನಗೆ ಆಗ ಬುದ್ಧಿ ಬಂದಿರಲಿಲ್ಲ.

"ತುಳ್ದು ತೋರಿಸ್ಲಾ?" ಅಂದಳು ಅಕ್ಕ.

"ತುಳಿದ್ರೆ ನಿನ್ ಹಟ ಎಷ್ಟದೆ ಅಂತ ಗೊತ್ತಾಯ್ತದೆ. ಅದು ನಂಗೆ ಮೊದ್ಲೇ ಗೊತ್ತು. ಸೈಕಲ್ ಹಗುರಾಗದೆ ಅನ್ನೋದನ್ನ ತುಳೀದೆ ತೋರ್ಸು."

ಅಪ್ಪ ಈ ಇಬ್ಬರ ನಡುವೆ ಯಾವತ್ತೂ ಬೇಲಿಯ ಮೇಲೆ ಕೂತವನು. ಅವನು ಷರತ್ತು ಕಟ್ಟಿದ. ಮನೆಯ ಮುಂದೆ ರಸ್ತೆ ಹುಣಸೆಮರದ ದಿಬ್ಬದಿಂದ ಇಳಿದು, ಮೋರಿಯವರೆಗೆ ಸಮತಟ್ಟಾಗಿ ಹೋಗಿ, ಆಮೇಲೆ ಮೆಲ್ಲಗೆ ಏರುತ್ತದೆ. ಏರಿನಲ್ಲಿ ಒಂದು ಬೂರುಗದ ಮರ. ದನ ಮೇಯಲು ಬಿಟ್ಟು ತಾತ ದಿನಾ ಅದರ ಬುಡದಲ್ಲಿ, ರಸ್ತೆಯಂಚಿಗೆ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದ. ಹುಣಸೆಮರದಿಂದ ಬಿಟ್ಟ ಸೈಕಲ್ಲು ಪೆಡ್ಲು ತುಳಿಯದೆ, ನೂಕದೆ, ತಾತನ ಗೋಣಿತಾಟಿನವರೆಗೆ ಉರುಳಿ ಬಂದರೆ ಅಕ್ಕನಿಗೆ ಸೈಕಲ್ಲು. ಚಿಕ್ಕಪ್ಪ ಕರೆದುಕೊಂಡು ಹೋಗಲು ಬರುವ ಭಾನುವಾರದೊಳಗೆ ಬರದಿದ್ದರೆ, ಅವರ ಜೊತೆ ಗುಂಡ್ಲುಪೇಟೆಗೆ.

ಸವಾರನಾಗಿ ನನ್ನನ್ನು ಆರಿಸಿದರು. "ಇವನಾದ್ರೆ ಮೋಸ ಮಾಡಕ್ಕೂ ಬರಲ್ಲ," ಅಂದ ತಾತ. ಅದು ಹೊಗಳಿಕೆ ಅಂದುಕೊಂಡು ನಾನು ಎದೆ ಉಬ್ಬಿಸಿದ್ದು ಮಾತ್ರ ನನ್ನ ಸ್ವಂತ ನೆನಪು. ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಮೊದಲನೇ ಉರುಳಾಟಕ್ಕೆ ಸೈಕಲ್ಲು ಮೋರಿಯನ್ನೂ ಮುಟ್ಟಲಿಲ್ಲ. ದಿಬ್ಬ ಇಳಿದು, ಏನೋ ಮರೆತು ಬಂದವರಂತೆ ನಿಧಾನವಾಗಿ, ಒಂದು ಲಂಟಾನದ ಪೊದೆಯ ಪಕ್ಕ ನಿಂತಿತು. ನಾನು ಅದರ ಜೊತೆಗೇ ಪೊದೆಯೊಳಕ್ಕೆ ವಾಲಿದೆ. ಮರದ ಬುಡದಿಂದ ತಾತ, "ಏನವ್ವ, ನಾನೇ ಅಲ್ಲಿಗೆ ಬರ್ಲಾ?" ಅಂತ ಕೂಗಿದ.

ಅಕ್ಕ ಸೈಕಲ್ಲನ್ನು ಪೊದೆಯಿಂದ ಎಳೆದು ನಿಲ್ಲಿಸಿದಳು. ಅವತ್ತಿನಿಂದ ಶಾಲೆಯಿಂದ ಬಂದ ಕೂಡಲೇ, ಆನೆ ಇಳಿಯುವ ಮೊದಲು ಸಿಗುವ ಆ ತುಂಡು ಹೊತ್ತು ನಮ್ಮ ಪ್ರಯೋಗಶಾಲೆಯಾಯಿತು.

ನನಗೆ ಕಾನೂನುಗಳು ಬಂದವು. ದಿನಾ ಅದೇ ಅಂಗಿ. ಕಾಲು ಪೆಡ್ಲಿನ ಮೇಲೆ ಸಮ. ಬೆನ್ನು ಬಗ್ಗಿಸಬಾರದು, ನೆಟ್ಟಗೂ ಕೂರಬಾರದು, "ನಿನ್ನೆ ಕೂತಂಗೆ" ಕೂರಬೇಕು. ಬೆಲ್ಲು ಒತ್ತಬಾರದು. "ಉಸಿರಾಡ್ಬೋದಾ?" ಅಂತ ಕೇಳಿದೆ. "ಆಡು. ಮಾತಾಡ್ಬೇಡ," ಅಂದಳು.

ಗಾಳಿಯ ಅಳತೆಗೆ ಹೆಬ್ಬೆರಳು. ಪಂಪು ಹೊಡೆದು ಟೈರನ್ನು ಅದುಮಿ ನೋಡಬೇಕು. ಅಕ್ಕನ ಹೆಬ್ಬೆರಳಿಗೆ ಕಲ್ಲಿನಂತಿದ್ದ ಟೈರು ತಾತನ ಹೆಬ್ಬೆರಳಿಗೆ ಬೆಂದ ಗೆಣಸಿನಂತಿತ್ತು, ಹಾಲು ಕರೆದು ಕರೆದು ಪಳಗಿದ ಬೆರಳು ಅದು. ಕೊನೆಗೆ ಇಬ್ಬರೂ ಅಪ್ಪನ ಹೆಬ್ಬೆರಳಿಗೆ ಒಪ್ಪಿದರು. ಅಪ್ಪ ಒತ್ತಿ ನೋಡಿ ಯಾವಾಗಲೂ "ಪರವಾಗಿಲ್ಲ" ಅನ್ನುತ್ತಿದ್ದ. ಅದು ಯಾರ ಪರ ಅಂತ ತಿಳಿಯುತ್ತಿರಲಿಲ್ಲ.

ಗಾಳಿ ಗಟ್ಟಿಯಾದಂತೆ ಸೈಕಲ್ಲು ಲಂಟಾನ ದಾಟಿತು, ಮೋರಿ ಮುಟ್ಟಿತು. ಮೋರಿಯ ಆಚೆಗೆ ಹೋಗಲಿಲ್ಲ. ಅಕ್ಕ ಚಕ್ರದ ಅಚ್ಚಿಗೆ ಎಣ್ಣೆ ಬಿಟ್ಟಳು. ತಾತ ಮೂಗಿನಲ್ಲೇ ಕಂಡುಹಿಡಿದ.

"ಇದೇನವ್ವ, ಟೈರಿನ ಪರೀಕ್ಷೆಯೋ ಎಣ್ಣೆ ಪರೀಕ್ಷೆಯೋ?"

"ಎರಡೂ."

"ಎರಡೂ ಒಟ್ಗೆ ಮಾಡುದ್ರೆ ಯಾವುದ್ರಿಂದ ಓಡ್ತು ಅಂತ ಎಂಗೆ ಯೋಳೀಯೆ?"

ಅಕ್ಕ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಆದರೆ ಎಣ್ಣೆ ಬಿಟ್ಟಾಗ ಬರಿಯ ಎಣ್ಣೆ, ಗಾಳಿ ತುಂಬಿದಾಗ ಬರಿಯ ಗಾಳಿ ಅನ್ನುವ ಕ್ರಮ ಹಿಡಿದಳು. ಬ್ರೇಕಿನ ರಬ್ಬರು ರಿಮ್ಮಿಗೆ ಉಜ್ಜುತ್ತಿದೆ ಅಂತ ಒಂದು ದಿನ ಅವನ್ನು ಬಿಚ್ಚಿಯೇಬಿಟ್ಟಳು, ಬೆಳಿಗ್ಗೆ ಹಾಲಿನ ಹೊತ್ತಿಗೆ ಮತ್ತೆ ಹಾಕಿಡುವುದೆಂದು ಒಪ್ಪಂದ. "ಬ್ರೇಕಿಲ್ದೆ ನಾನು ನಿಲ್ಲೋದು ಹೆಂಗೆ?" ಅಂದೆ. "ನಿಲ್ಲದೇ ಇರೋದೇ ನಮಗೆ ಬೇಕಾಗಿರೋದು," ಅಂದಳು. ತರ್ಕ ಸರಿಯಾಗಿತ್ತು.

ಇನ್ನೊಂದು ತೊಡಕು ಅಡುಗೆಮನೆಯಿಂದ ಬಂತು. ಅವ್ವ ಮೇಲ್ನೋಟಕ್ಕೆ ಯಾವ ಪಕ್ಷವನ್ನೂ ಹಿಡಿದಿರಲಿಲ್ಲ, ಆದರೆ ಪ್ರಯೋಗಕ್ಕೆ ಹೊರಡುವ ಮೊದಲು ನನಗೆ ರಾಗಿಮುದ್ದೆ ನುಂಗಿಸುತ್ತಿದ್ದಳು. "ಮಗ ಭಾರ ಆದ್ರೆ ಸೈಕಲ್ ಜೋರಾಗಿ ಇಳಿತದೆ," ಅನ್ನುವುದು ಅವಳ ಸಿದ್ಧಾಂತ. "ಭಾರ ಆದ್ರೆ ಟೈರು ಅಮುಕ್ಕತದೆ, ಬೇಗ ನಿಲ್ತದೆ," ಅಂತ ಅಕ್ಕ. ಇಬ್ಬರ ಜಗಳದಲ್ಲಿ ನನಗೆ ಒಂದು ದಿನ ಮುದ್ದೆ, ಒಂದು ದಿನ ಹೊಟ್ಟೆ ಖಾಲಿ. ಖಾಲಿ ಹೊಟ್ಟೆಯ ದಿನ ಉಪ್ಪುಸಾರಿನ ಒಗ್ಗರಣೆಯ ವಾಸನೆ ಹುಣಸೆಮರದವರೆಗೂ ಬಂದು ನನ್ನ ಹಿಂದೆ ನಿಲ್ಲುತ್ತಿತ್ತು. ಅಳತೆ ಕೆಡಿಸಲು ಅಷ್ಟು ಸಾಕಿತ್ತು. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು ಅಂತ ಈಗ ಗೊತ್ತು. ಭಾರಕ್ಕೆ ತಕ್ಕಂತೆ ಟೈರಿನ ಎಳೆತ ಹೆಚ್ಚುತ್ತದೆ, ಆದರೆ ಎದುರುಗಾಳಿ ಭಾರದವನನ್ನು ಅಷ್ಟು ಸುಲಭವಾಗಿ ತಡೆಯದು. ಒಟ್ಟಿನಲ್ಲಿ ಅವ್ವನ ಮುದ್ದೆ ಸ್ವಲ್ಪ ಮುಂದಿತ್ತು.

ದಾರಿ ತೆರೆದದ್ದು ಮಸಿನಗುಡಿಯ ಸೈಕಲ್ ಶಾಪಿನಲ್ಲಿ. ಅಲ್ಲಿನ ಮಲೆಯಾಳಿ ಕಾಕಾ ಬಾಗಿಲ ಪಕ್ಕದ ಗೂಟಕ್ಕೆ ಹಳೆಯ ಟೈರುಗಳನ್ನು ನೇತುಹಾಕಿದ್ದರು. ರಬ್ಬರು ಮತ್ತು ಪಂಕ್ಚರ್ ಅಂಟಿಸುವ ಸೊಲ್ಯೂಷನ್ನಿನ ಘಾಟು ಬೀದಿಯ ತಿರುವಿಗೇ ಬರುತ್ತಿತ್ತು. ಅಕ್ಕ ಅಲ್ಲಿ ಬಹಳ ಹೊತ್ತು ಒಂದೊಂದೇ ಟೈರನ್ನು ಅಂಗೈಯಲ್ಲಿ ಸವರಿ ನೋಡಿದಳು. ಪೂರಾ ಸವೆದು, ಗೆರೆಗಳೆಲ್ಲ ಮಾಯವಾಗಿ, ತೆಳ್ಳಗಾದ ಒಂದು ಜೊತೆ ಆರಿಸಿದಳು.

"ಮೋಳೇ, ಹೊಸದು ಇದೆಯಲ್ಲ. ಈ ಬೋಳುತಲೆ ಯಾಕೆ?" ಅಂದರು ಕಾಕಾ.

"ಬೋಳಾಗಿದ್ರೆ ಉರಾಯ್ವು ಕಮ್ಮಿ ಕಾಕಾ."

ಕಾಕಾ ತಮ್ಮ ತಲೆ ಸವರಿಕೊಂಡರು, ಅದೂ ಅದೇ ಸ್ಥಿತಿಯಲ್ಲಿತ್ತು. "ಹಾಗಾದರೆ ನನ್ನನ್ನೂ ಒಂದು ಸಲ ಉರುಳಿಸಿ ನೋಡು," ಅಂದು, ಆ ಜೊತೆಯನ್ನು ಹಾಕಿ ನೋಡಿ ವಾಪಸು ತರಲು ಹೇಳಿ ಕೊಟ್ಟರು.

ಆ ಟೈರುಗಳು ಸೈಕಲ್ಲಿಗೆ ಹೊಸ ಪ್ರಾಣ ಕೊಟ್ಟವು. ಮೋರಿ ದಾಟಿ ಏರಿನ ಮೇಲೆ ಹತ್ತತೊಡಗಿತು. ಒಂದು ದಿನ ಸ್ವಲ್ಪ ಮುಂದೆ, ಒಂದು ದಿನ ಸ್ವಲ್ಪ ಹಿಂದೆ. ತಾತ ಪ್ರತಿಸಲ "ನಿನ್ನೆ ಹಿಂದ್ಗಾಳಿ ಇತ್ತು" ಅನ್ನುತ್ತಿದ್ದ. ಆ ತಿಂಗಳಲ್ಲಿ ಪಡುವಣ ಗಾಳಿ ನಮ್ಮ ಕಡೆ ಹಂಚು ಅಲುಗಾಡುವಂತೆ ಬೀಸುತ್ತದೆ, ಅದಕ್ಕೇ ಅವನನ್ನು ಸುಳ್ಳ ಅನ್ನುವಂತಿರಲಿಲ್ಲ. ಅಕ್ಕ ಒಂದೇ ಉರುಳಾಟವನ್ನು ನಂಬುವಂತಿಲ್ಲ, ನಿಂತ ಜಾಗಗಳನ್ನೆಲ್ಲ ಗುರುತು ಮಾಡಿ, ಎಲ್ಲಿ ಹೆಚ್ಚು ಗುರುತು ಗುಂಪಾಗಿವೆಯೋ ಅದನ್ನು ಹಿಡಿಯೋಣ ಅಂದಳು.

ಈ ಗುರುತಿನಲ್ಲೇ ನಾವು ಕೆಟ್ಟದ್ದು. ಸೀಮೆಸುಣ್ಣದಲ್ಲಿ ಗೆರೆ ಎಳೆದೆವು, ಜೀಪುಗಳು ಅಳಿಸಿದವು. ಕಲ್ಲಿಟ್ಟೆವು, ದನ ಅಟ್ಟುವ ಹುಡುಗರು ಒದ್ದುಕೊಂಡು ಹೋದರು. ಕೊನೆಗೆ ಅಕ್ಕನಿಗೆ ಹೊಳೆದದ್ದು ಸಗಣಿ. ಕೈಗೆ ಸಿಗುತ್ತದೆ, ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಯಾರೂ ಒದೆಯುವುದಿಲ್ಲ. ರಸ್ತೆಯಂಚಿಗೆ ಒಂದೊಂದು ಉಂಡೆ ಇಟ್ಟು, ಮೇಲೆ ಲಂಟಾನದ ಹೂವು ಚುಚ್ಚಿದೆವು. ದಪ್ಪ ಟೈರಿಗೆ ಹಳದಿ ಹೂವು, ಬೋಳು ಟೈರಿಗೆ ಕೆಂಪು. ಆ ವಾರವಿಡೀ ದುಡಿದು ನೆಟ್ಟ ಉಂಡೆಗಳು ಸಾಲಾಗಿ ನಿಂತದ್ದು ಕಂಡು ದಾರಿಹೋಕರು ಯಾವುದೋ ಪೂಜೆಯೆಂದು ಚಪ್ಪಲಿ ಬಿಟ್ಟು ಹಾದುಹೋದರು ಅಂತ ಅಕ್ಕ ಹೇಳುತ್ತಾಳೆ. ಇದನ್ನು ನಾನು ನಂಬುವುದಿಲ್ಲ.

ನಮ್ಮ ಊರಿನವರಾಗಿ ನಾವು ಮರೆಯಬಾರದ್ದನ್ನು ಮರೆತಿದ್ದೆವು. ಆಗ ಮಸಿನಗುಡಿಯ ಸುತ್ತಮುತ್ತ ಹಾಲಿಗಿಂತ ಸಗಣಿಗೇ ಗಿರಾಕಿ ಜಾಸ್ತಿ. ಕೇರಳದ ತೋಟಗಳಿಗೆ ಲಾರಿಗಟ್ಟಲೆ ಹೋಗುತ್ತಿತ್ತು. ಶನಿವಾರ ಲಾರಿ ಬರುವ ಹೊತ್ತಿಗೆ ರಸ್ತೆಯ ಮೇಲೆ ಒಂದು ಉಂಡೆ ಸಗಣಿಯೂ ಅನಾಥವಾಗಿ ಉಳಿಯುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ನಾವು ಎದ್ದು ಹೋಗುವಷ್ಟರಲ್ಲಿ ರಸ್ತೆ ತೊಳೆದಂತಿತ್ತು. ಏರಿನ ಕೊನೆಯಲ್ಲಿ, ಸಗಣಿ ಆಯುವ ಕೆಂಪಮ್ಮ ಮಂಕರಿ ಹೊತ್ತು ನಿಂತಿದ್ದಳು. ಮಂಕರಿಯ ಮೇಲೆ ಹಳದಿ ಹೂವು, ಕೆಂಪು ಹೂವು.

"ಕೆಂಪತ್ತೆ, ಅದು ನಮ್ದು," ಅಂತ ಅಕ್ಕ ಓಡಿದಳು.

"ಏನು ನಿಮ್ದು?"

"ಸಗಣಿ."

"ರೋಡಲ್ಲಿದ್ದುದ್ದು ನಿಮ್ದು ಎಂಗಾದದ್ದು? ನಿಮ್ ಹಸ ಹೆಸ್ರು ಬರ್ದು ಹಾಕಿತ್ತಾ?"

"ಅದು ಅಳತೆ ಅತ್ತೆ. ಯಾವುದು ಎಲ್ಲಿತ್ತು ಅಂತಾದ್ರೂ ಹೇಳು."

ಕೆಂಪಮ್ಮ ಮಂಕರಿ ಇಳಿಸಿ ಒಳಗೆ ಇಣುಕಿದಳು. ಪಾಪ, ಅವಳಿಗೂ ಸಹಾಯ ಮಾಡಬೇಕೆಂದಿತ್ತು. "ಈ ಹೂವಿಂದು ಮೋರಿ ತಾವ ಇರ್ಬೇಕು. ಇಲ್ಲ, ಅದು ಈಚೆದು. ಯಾಕವ್ವ ಸಗಣಿಗೆ ಹೂವು ಮುಡಿಸ್ದಿರಿ? ನಾನು ಯಾರೋ ಒಳ್ಳೇ ಜನ ಅಂತ ಕೈಮುಗ್ದೇ ಬಾಚ್ಕಂಡೆ."

ಮಧ್ಯಾಹ್ನದ ಲಾರಿಯಲ್ಲಿ ನಮ್ಮ ವಾರದ ಅಳತೆಗಳೆಲ್ಲ ಕೇರಳಕ್ಕೆ ಹೋದವು. ಯಾವುದೋ ಮೆಣಸಿನ ಬಳ್ಳಿ ಅವನ್ನು ಜೀರ್ಣಿಸಿಕೊಂಡಿರಬೇಕು. ಅಕ್ಕ ಮೋರಿಯ ಕಟ್ಟೆಯ ಮೇಲೆ ಕೂತಳು. ಅಳಲಿಲ್ಲ. ಮರುದಿನವೇ ಚಿಕ್ಕಪ್ಪ ಬರುವ ಭಾನುವಾರ. ನಾನು ಪಕ್ಕ ಕೂತು, "ಗುಂಡ್ಲುಪೇಟೇಲಿ ಸಿನಿಮಾ ಟೆಂಟ್ ಅದೆಯಂತೆ," ಅಂದೆ. ಅವಳು ನನ್ನ ಕಡೆ ನೋಡಿದ ನೋಟಕ್ಕೆ ನಾನು ಕಟ್ಟೆಯ ಆ ತುದಿಗೆ ಸರಿದೆ.

"ನಾಳೆ ಒಂದೇ ಸಲ," ಅಂದಳು ಆಮೇಲೆ. "ಗುರುತೂ ಬೇಡ, ಏನೂ ಬೇಡ. ತಾತ ಕೂತಿರ್ತಾನಲ್ಲ, ಅವನೇ ಗುರುತು."

ಭಾನುವಾರ ಬೆಳಿಗ್ಗೆ ಅವ್ವ ಎರಡು ಮುದ್ದೆ ಹಾಕಿದಳು. ಅಕ್ಕ ಬೇಡ ಅನ್ನಲಿಲ್ಲ. ಅಕ್ಕನ ಬಟ್ಟೆ ತುಂಬಿದ ಚೀಲ ಜಗುಲಿಯ ಮೇಲೆ ಕಟ್ಟಿ ರೆಡಿಯಾಗಿತ್ತು. ಚಿಕ್ಕಪ್ಪ ತೆಪ್ಪಕಾಡಿನಲ್ಲಿ ಬಸ್ಸಿಳಿದು ಜೀಪು ಹತ್ತಿ, ನಾವು ಅಂದುಕೊಂಡದ್ದಕ್ಕಿಂತ ಬೇಗ ಬಂದುಬಿಟ್ಟರು. ವಿಷಯ ಕೇಳಿ, "ಒಂದು ಟೈರಿಗೆ ಇಷ್ಟೆಲ್ಲಾ ಪಂಚಾಯ್ತಿಯಾ? ಅಲ್ಲಿ ಮಕ್ಳು ಅಕ್ಕ ಬತ್ತಾಳೆ ಅಂತ ಬಾಗಿಲಲ್ಲೇ ಕೂತವೆ," ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಕ್ಕನ ಮುಖ ಮಾತ್ರ ಸುಣ್ಣ ಬಳಿದಂತಾಯಿತು.

ಅಪ್ಪ, ಚಿಕ್ಕಪ್ಪ ಮೋರಿಯ ಹತ್ತಿರ ನಿಂತರು, ನಾನು ತುಳಿಯುತ್ತೇನೋ ಅಂತ ಕಾಲು ಕಾಯುವುದು ಅವರ ಕೆಲಸ. ತಾತ ಬೂರುಗದ ಮರದ ಬುಡದಲ್ಲಿ ಗೋಣಿತಾಟಿನ ಮೇಲೆ, ಎಂದಿನಂತೆ ಕಾಲು ಮಡಚಿ ಕೂತಿದ್ದ. ಅವನು ಅಲ್ಲಿ ಕೂತರೆ ಮಧ್ಯಾಹ್ನದವರೆಗೆ ಕದಲುವವನಲ್ಲ. ಅಕ್ಕ ಹುಣಸೆಮರದ ಕೆಳಗೆ ಸೈಕಲ್ಲಿನ ಹಿಂದೆ ನಿಂತು ಸೀಟು ಹಿಡಿದಿದ್ದಳು.

"ನಿನ್ನೆ ಕೂತಂಗೆ ಕೂತ್ಕೋ," ಅಂದು ಕೈ ಬಿಟ್ಟಳು.

ಬೋಳು ಟೈರು ಡಾಂಬರಿನ ಮೇಲೆ ಜೇನುನೊಣದಂತೆ ಸದ್ದು ಮಾಡುತ್ತದೆ. ಲಂಟಾನ ಹೋಯಿತು. ಅಪ್ಪನ ಲುಂಗಿ ಹೋಯಿತು, ಚಿಕ್ಕಪ್ಪನ ಮೀಸೆ ಹೋಯಿತು. ಏರು ಶುರುವಾಯಿತು. ಸದ್ದು ಸಣ್ಣಗಾಗುತ್ತಾ ಬಂತು. ಜೇನು ಹೋಗಿ ನೊಣವಾಯಿತು, ನೊಣ ಹೋಗಿ ಬರೀ ನನ್ನ ಉಸಿರು. ಹ್ಯಾಂಡಲ್ಲು ಎಡಕ್ಕೆ ಬಲಕ್ಕೆ ಹೊಯ್ದಾಡತೊಡಗಿತು. ನಾನು ತಲೆಯೆತ್ತಿದರೆ ಕಣ್ಣಿಗೆ ಬಿದ್ದದ್ದು ತಾತನ ಪಾದ. ಮುಂದಿನ ಚಕ್ರ ಗೋಣಿತಾಟಿನ ಅಂಚು ಮುಟ್ಟಿತು, ಅಲ್ಲೇ ಪ್ರಾಣ ಬಿಟ್ಟಿತು, ಸೈಕಲ್ಲೂ ನಾನೂ ಎರಡು ಮುದ್ದೆಗಳೂ ಒಟ್ಟಿಗೆ ತಾತನ ಮಡಿಲಿಗೆ ಬಿದ್ದೆವು.

ತಾತ ನನ್ನ ಕತ್ತಿನ ಹಿಂದಿನಿಂದ ಎಲೆಯಡಿಕೆ ಚೀಲವನ್ನು ಎಳೆದುಕೊಂಡು, "ತಾಕ್ತು," ಅಂದ.

ಚಿಕ್ಕಪ್ಪ ಓಡಿ ಬಂದರು. "ಮಾವ, ಇವ್ನು ಕೊನೇಲಿ ಸೊಂಟ ಕುಣಿಸಿ ನೂಕ್ದ. ನಾನ್ ನೋಡ್ದೆ."

"ನನ್ ಮಡ್ಲಲ್ಲಿ ಬಿದ್ದವ್ನೆ. ಇನ್ನೇನು ನನ್ ತಲೆ ಮೇಲೆ ಹತ್ತಿ ತೋರಿಸ್ಬೇಕಾ?" ಅಂದ ತಾತ. "ಊಟ ಮಾಡ್ಕಂಡು ಹೊರಡಪ್ಪ. ಹಾಲು ಬಾಳ ಅದೆ, ಮಕ್ಳಿಗೆ ತಕ್ಕೊಂಡೋಗು."

ಹೀಗೆ ಚಿಕ್ಕಪ್ಪ ಅಕ್ಕನ ಬದಲು ಹಾಲು ತೆಗೆದುಕೊಂಡು ಹೋದರು.

ಬ್ರೇಕಿನ ರಬ್ಬರುಗಳು ಅವತ್ತೇ ಖಾಯಮ್ಮಾಗಿ ವಾಪಸು ಬಂದವು, ಬೋಳು ಟೈರುಗಳು ಕಾಕಾನ ಕೃಪೆಯಿಂದ ಉಳಿದವು. ಆ ವರ್ಷವೆಲ್ಲ ನಮ್ಮ ಮನೆಯ ಬೆಳಗು ಹೀಗಿತ್ತು: ತಾತ ಎದ್ದು, ಹಾಲು ಕುಲುಕದಿರಲೆಂದು ಟೈರ್ ಒತ್ತಿ ನೋಡಿ ಗಾಳಿ ಬಿಡುವುದು, ಸೊಸೈಟಿಗೆ ಹೋಗಿ ಬರುವುದು, ಬಂದು ಕ್ಯಾನು ಇಳಿಸಿ ಮತ್ತೆ ಪಂಪು ಹೊಡೆಯುವುದು. ಹಾಲಿಗೆ ಮೆತ್ತಗೆ, ಮೊಮ್ಮಗಳಿಗೆ ಗಟ್ಟಿ. ಪಂಪಿನ ಪ್ರತಿ ಒತ್ತಿಗೂ ಅವನ ಬಾಯಿಂದ ಒಂದು ಬೈಗುಳ ಬರುತ್ತಿತ್ತು. ಸಂಜೆ, ಆನೆಯ ಕೂಗು ಏಳುವ ಮುಂಚೆ ಅಕ್ಕನ ಬೆಲ್ಲು ಕೇಳುತ್ತಿತ್ತು. ಒಮ್ಮೊಮ್ಮೆ ಎರಡೂ ಒಟ್ಟಿಗೆ. ಆಗ ಅವ್ವ ಸೌಟು ಹಿಡಿದೇ ರಸ್ತೆಗೆ ಬರುತ್ತಿದ್ದಳು. ಅಕ್ಕ ಹತ್ತನೆಯದನ್ನು ಒಳ್ಳೆಯ ರೀತಿಯಲ್ಲೇ ಮುಗಿಸಿದಳು.

ಇಲ್ಲಿಗೆ ನಿಲ್ಲಿಸಿದ್ದರೆ ನೆನಪಿಗೂ ಮರ್ಯಾದೆ ಉಳಿಯುತ್ತಿತ್ತು. ನನ್ನ ಚಟ ಬಿಡಲಿಲ್ಲ. ವಿಶ್ವವಿದ್ಯಾಲಯ ಮುಗಿಸಿದ ಮೇಲೊಮ್ಮೆ ಊರಿಗೆ ಹೋದಾಗ, ಒಳ್ಳೆಯ ಸೈಕಲ್ಲೊಂದನ್ನು ತೆಗೆದುಕೊಂಡು ಹುಣಸೆಮರದ ಕೆಳಗೆ ನಿಂತೆ. ಟೈರು ತೆಳ್ಳಗಿತ್ತು, ಗಾಳಿ ಗಟ್ಟಿಯಿತ್ತು, ರಸ್ತೆಗೆ ಹೊಸ ಡಾಂಬರು ಬಿದ್ದಿತ್ತು. ನನ್ನ ತೂಕ ಅವ್ವನ ಸಿದ್ಧಾಂತಕ್ಕೆ ಪೂರ್ತಿ ಅನುಕೂಲವಾಗಿತ್ತು. ಉರುಳಿದೆ. ಮೋರಿ ದಾಟಿ, ಏರಿನಲ್ಲಿ ನಿಂತೆ. ಬೂರುಗದ ಮರ ಇನ್ನೂ ಎಷ್ಟೋ ಮುಂದಿತ್ತು. ಮತ್ತೆ ಉರುಳಿದೆ. ಹಿಂದ್ಗಾಳಿ ಬರಲಿ ಅಂತ ಕಾದು ಉರುಳಿದೆ. ಪ್ರತಿಸಲವೂ ಅಲ್ಲೇ, ಮರಕ್ಕಿಂತ ಈಚೆಗೇ ನಿಂತೆ. ಮುದುಕರೊಬ್ಬರು ನಿಂತು ನೋಡಿ, "ಚೈನು ಕಿತ್ತೋಗದಾ ಮಗ?" ಅಂತ ವಿಚಾರಿಸಿದರು.

ಹಾಗಾದರೆ ಆ ಭಾನುವಾರ ನಡೆದದ್ದು ಆಗದ ಮಾತು. ನಾನು ಸೊಂಟ ಕುಣಿಸಿರಬೇಕು, ಅಥವಾ ಮಡಿಲಿಗೆ ಬಿದ್ದದ್ದೇ ಸುಳ್ಳು.

ಅಕ್ಕ ಈಗ ಗೂಡಲೂರಿನಲ್ಲಿ ಗಣಿತ ಟೀಚರು. ಅವಳ ಮನೆಗೆ ಹೋದಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದಳು. ನನ್ನ ಪ್ರಯೋಗವನ್ನೆಲ್ಲ ಹೇಳಿದೆ.

"ಅಂದ್ರೆ ನಾನು ಹತ್ತನೇ ಕ್ಲಾಸ್ ಪಾಸಾಗಿದ್ದು ಸುಳ್ಳಾ?" ಅಂದಳು.

"ಸೈಕಲ್ ಅಲ್ಲಿಗಂಟ ಹೋಗಕ್ಕೆ ಸಾಧ್ಯ ಇಲ್ಲ ಅಂತಿದ್ದೀನಿ ಅಷ್ಟೆ."

"ಹೋಗ್ಲಿಲ್ವಲ್ಲ." ತೊಳೆಯಿಂದ ಬೀಜ ತೆಗೆದು ಪಕ್ಕಕ್ಕಿಟ್ಟಳು. "ನಿನ್ನ ಬಿಟ್ಟಾಗ ತಾತ ಮರದ ಬುಡದಲ್ಲೇ ಇದ್ದ. ನೀನು ಮೋರಿ ದಾಟೋ ಹೊತ್ಗೆ ಈಚೆ ಬಂದಿದ್ದ."

"ಎದ್ದು ಬಂದ್ನಾ?"

"ಎದ್ದಿದ್ರೆ ಅಪ್ಪ, ಚಿಕ್ಕಪ್ಪ ಯಾರಾದ್ರೂ ನೋಡೋರು. ಅವ್ರೆಲ್ಲ ನಿನ್ ಕಾಲು ನೋಡ್ತಿದ್ರು. ಗೋಣಿತಾಟು ಸಮೇತ, ಕೂತಂಗೇ ಜರುಗ್ದ. ಒಸಿ ಜರುಗೋದು, ನಿನ್ನ ನೋಡೋದು, ಮತ್ತೆ ಒಸಿ ಜರುಗೋದು. ನನಗೆ ಮೇಲಿಂದ ಎಲ್ಲ ಕಾಣ್ತಿತ್ತು."

ಮಂಡಿನೋವಿನ ಆ ಮುದುಕ ಕೂತಲ್ಲಿಂದಲೇ ಇಳಿಜಾರಿನಲ್ಲಿ ತೆವಳುತ್ತಾ ಬಂದದ್ದನ್ನು ಕಣ್ಣಿಗೆ ತಂದುಕೊಂಡು ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಚಟ ಎದ್ದಿತು. "ನೆರಳಿಗೆ ಜರುಗಿರ್ಬೇಕು ಕಣಕ್ಕ. ಮರದ ನೆರಳು ಈಚೆ ಬಂದಿರ್ತದೆ."

"ಅವತ್ತು ಬಿಸಿಲೆಲ್ಲಿತ್ತು," ಅಂದಳು ಅಕ್ಕ, ಇನ್ನೊಂದು ತೊಳೆ ನನ್ನ ಕೈಗೆ ಕೊಡುತ್ತಾ.

ಒಬ್ಬಳೇ ಸಾಕ್ಷಿ, ಅದೂ ಲಾಭ ಪಡೆದವಳು. ಕ್ರಮಬದ್ಧವಾಗಿ ನೋಡಿದರೆ ಈ ಹೇಳಿಕೆಯನ್ನು ತಳ್ಳಿಹಾಕಬೇಕು. ಕೇಳಿ ಖಚಿತಪಡಿಸಿಕೊಳ್ಳೋಣವೆಂದರೆ ತಾತ ಹೋಗಿ ಎಷ್ಟೋ ಕಾಲವಾಯಿತು. ಹಾಲು ಈಗ ವ್ಯಾನಿನಲ್ಲಿ ಹೋಗುತ್ತದೆ. ಆ ರಸ್ತೆಯ ಎರಡೂ ಬದಿಗೆ ರೆಸಾರ್ಟಿನ ಬೋರ್ಡುಗಳು, ಸಂಜೆ ಅಲ್ಲಿ ಸುಮ್ಮನೆ ನಿಂತರೆ ಆನೆಗಿಂತ ಮೊದಲು ಪ್ರವಾಸಿಗರ ಜೀಪು ಬಂದು ಹಾರನ್ ಹೊಡೆಯುತ್ತದೆ. ಮಸಿನಗುಡಿಯಲ್ಲಿ ಹಳೆಯ ಟೈರು ನೇತುಹಾಕಿದ ಅಂಗಡಿ ಹುಡುಕಿದೆ, ಸಿಗಲಿಲ್ಲ.

ಅಳೆಯುವುದು ಮಾತ್ರ ಬಹಳ ಸಲೀಸಾಗಿದೆ. ಇಳಿಜಾರು, ಗಾಳಿಯ ವೇಗ, ಟೈರಿನ ಒತ್ತಡ ಎಲ್ಲವನ್ನೂ ಯಾರ ಹೆಬ್ಬೆರಳೂ ಇಲ್ಲದೆ ಅಳೆಯಬಲ್ಲೆ. ಹುಣಸೆಮರದಿಂದ ಬಿಟ್ಟ ಸೈಕಲ್ಲು ಎಲ್ಲಿ ನಿಲ್ಲುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳಬಲ್ಲೆ. ಅದು ಅಲ್ಲೇ ನಿಲ್ಲುತ್ತದೆ. ನಿಂತ ಜಾಗದಿಂದ ಬೂರುಗದ ಮರದವರೆಗೆ ಸ್ವಲ್ಪ ರಸ್ತೆ ಉಳಿಯುತ್ತದೆ, ಈಗ ಅದು ಹಾಗೇ ಉಳಿಯುತ್ತದೆ, ಆ ಕಡೆಯಿಂದ ಯಾರೂ ಜರುಗಿ ಬರುವುದಿಲ್ಲ.